ತಮ್ಮನ ಸಾಲ, ಅಕ್ಕನ ಮನೆಬಾಗಿಲು: ಶಿಡ್ಲಘಟ್ಟದ ಒಂದು ವಸೂಲಿ ಪ್ರಕರಣ

ಸಾಲ ಪಡೆದವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಚಿಕ್ಕ ಘಟಕ ನಡೆಸುವ 34 ವರ್ಷದ ರೀಲರ್. ವಸೂಲಿಗಾರರ ಕಾಟ ಅನುಭವಿಸಿದವರು ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋಗಿರುವ ಅವರ ಅಕ್ಕ. ಸಾಲದ ಯಾವ ಕಾಗದದಲ್ಲೂ ಅಕ್ಕನ ಸಹಿ ಇರಲಿಲ್ಲ, ಆ ಹಣದಲ್ಲಿ ಒಂದು ರೂಪಾಯಿಯೂ ಅವರ ಕೈಗೆ ಬಂದಿರಲಿಲ್ಲ. ಆದರೂ 2024ರ ನವೆಂಬರ್ ಮುಗಿಯುವ ಹೊತ್ತಿಗೆ ಅವರು ತಮ್ಮ ಕಿವಿಯ ಓಲೆಗಳನ್ನು ಗಿರವಿ ಇಟ್ಟು, ಹೆಸರೂ ಸರಿಯಾಗಿ ಗೊತ್ತಿಲ್ಲದ ಒಬ್ಬನ ಫೋನ್‌ಪೇಗೆ 8,000 ರೂಪಾಯಿ ಹಾಕಿದ್ದರು. ಈ ಕುಟುಂಬದ ಅರ್ಜಿಗಳನ್ನು ಬರೆಯುವ ಕೆಲಸದಲ್ಲಿ ನಾನು ಮೊದಲಿಂದ ಕೊನೆಯವರೆಗೆ ಜೊತೆಗಿದ್ದೆ. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನೂ ಗುರುತು ಹತ್ತುವ ವಿವರಗಳನ್ನೂ ಬಿಟ್ಟು, ನಡೆದದ್ದನ್ನು ಇಲ್ಲಿ ಪೂರ್ತಿಯಾಗಿ ದಾಖಲಿಸುತ್ತಿದ್ದೇನೆ. ಮನೆಯಲ್ಲಿ ಒಬ್ಬರ ಸಾಲ ಬಾಕಿ ಇದ್ದರೆ ಮನೆಮಂದಿಯೆಲ್ಲ ಬಂದವರ ಬೈಗುಳ ಕೇಳಿಕೊಂಡು ತಲೆತಗ್ಗಿಸಿ ನಿಲ್ಲಬೇಕು ಎಂದು ನಮ್ಮ ಜಿಲ್ಲೆಯಲ್ಲಿ ಬಹಳ ಜನ ನಂಬಿದ್ದಾರೆ. ಆ ನಂಬಿಕೆಗೆ ಕಾನೂನಿನಲ್ಲಿ ಯಾವ ಆಧಾರವೂ ಇಲ್ಲ ಎಂಬುದನ್ನು ಈ ಪ್ರಕರಣದ ಕಾಗದಪತ್ರಗಳೇ ತೋರಿಸುತ್ತವೆ.

ಸಾಲ ಮತ್ತು ಬಾಕಿ

ಗೂಡು ಮಾರುಕಟ್ಟೆಯಲ್ಲಿ ಹರಾಜು ಕೂಗಿದ ರೀಲರ್ ಗೂಡಿನ ಹಣವನ್ನು ತಡಮಾಡದೆ ಕಟ್ಟಬೇಕು, ಆದರೆ ಬಿಚ್ಚಿದ ನೂಲಿನ ಹಣ ಅವನ ಕೈಗೆ ಬರುವುದು ತಡವಾಗಿ. ಈ ನಡುವಿನ ಅಂತರವನ್ನು ತುಂಬಲು ಸಣ್ಣ ರೀಲರ್‌ಗಳು ಸಾಲ ಮಾಡುವುದು ಹೊಸತಲ್ಲ. ಇವರು 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಒಂದು ಬ್ಯಾಂಕೇತರ ಹಣಕಾಸು ಕಂಪನಿಯಿಂದ, ಮೊಬೈಲ್ ಆ್ಯಪ್ ಮೂಲಕ, 1,50,000 ರೂಪಾಯಿ ವೈಯಕ್ತಿಕ ಸಾಲ ಪಡೆದರು. ವಾರ್ಷಿಕ ಬಡ್ಡಿ ಶೇಕಡಾ 24, ಕಂತುಗಳು 24, ತಿಂಗಳ ಕಂತು 7,931 ರೂಪಾಯಿ. ಹನ್ನೆರಡು ಕಂತುಗಳು ತಪ್ಪದೆ ಸಂದಾಯವಾದವು. 2024ರ ಆಗಸ್ಟ್ ಕೊನೆಯಲ್ಲಿ ಘಟಕದ ಬಾಯ್ಲರ್ ಕೆಟ್ಟು ಕೆಲಸ ನಿಂತಿತು, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ತಿಂಗಳ ಮೂರು ಕಂತುಗಳು ಬೌನ್ಸ್ ಆದವು.

ಕಂಪನಿಯದೇ ಖಾತೆ ವಿವರದ ಪ್ರಕಾರ ಬಾಕಿ ಇದ್ದದ್ದು ಕಂತಿನ ಬಾಬ್ತು 23,793 ರೂಪಾಯಿ ಮತ್ತು ಮೂರು ಬಾರಿಯ ಬೌನ್ಸ್ ಶುಲ್ಕ 1,770 ರೂಪಾಯಿ, ಒಟ್ಟು 25,563. ವಸೂಲಿಗೆ ಬಂದವರು ಅಕ್ಕನ ಬಳಿ ಕೇಳಿದ್ದು 38,000. ಹೆಚ್ಚುವರಿ ಹನ್ನೆರಡು ಸಾವಿರ ಚಿಲ್ಲರೆ ಏನು ಎಂಬುದಕ್ಕೆ ಇಂದಿನವರೆಗೂ ಯಾರೂ ಲೆಕ್ಕ ಕೊಟ್ಟಿಲ್ಲ. ಅಕ್ಕ ಹಾಕಿದ 8,000 ರೂಪಾಯಿ ಆ ಖಾತೆ ವಿವರದ ಯಾವ ಸಾಲಿನಲ್ಲೂ ಇರಲಿಲ್ಲ.

ನಾನು ಮೊದಲು ಕೇಳಿದ್ದು ಸಾಲದ ಒಪ್ಪಂದಪತ್ರವನ್ನು. ರೀಲರ್‌ನ ಮೇಲ್‌ನಲ್ಲಿ ಅದು ತೆರೆಯದೆ ಬಿದ್ದಿತ್ತು. ಅದರಲ್ಲಿ ಸಹಸಾಲಗಾರ ಎಂಬಲ್ಲಿ ಯಾರ ಹೆಸರೂ ಇರಲಿಲ್ಲ, ಜಾಮೀನುದಾರ ಎಂಬಲ್ಲಿಯೂ ಇರಲಿಲ್ಲ. 'ರೆಫರೆನ್ಸ್' ಎಂಬಲ್ಲಿ ಎರಡು ಹೆಸರು ಮತ್ತು ಮೊಬೈಲ್ ಸಂಖ್ಯೆಗಳಿದ್ದವು, ಒಂದು ಅಕ್ಕನದು, ಇನ್ನೊಂದು ಸ್ನೇಹಿತರೊಬ್ಬರದು. ಪ್ರಕರಣದ ಅರ್ಧ ಭಾಗ ಈ ಒಂದು ಪುಟದಲ್ಲೇ ತೀರ್ಮಾನವಾಗಿತ್ತು ಎನ್ನಬಹುದು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು, ಆದ್ದರಿಂದ ಜಾಮೀನು ಸಹಿ ಹಾಕಿದವರ ಬಳಿ ಹಣ ಕೇಳಲು ಸಾಲಕೊಟ್ಟವರಿಗೆ ಹಕ್ಕಿದೆ. ರೆಫರೆನ್ಸ್ ಆಗಿ ಹೆಸರು ಕೊಟ್ಟವರ ಮೇಲೆ ಅಂತಹ ಯಾವ ಹೊಣೆಯೂ ಇಲ್ಲ. ಅವರು ಸಹಿ ಹಾಕಿಲ್ಲ, ಎಷ್ಟೋ ಸಲ ತಮ್ಮ ಹೆಸರು ಅಲ್ಲಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಈ ಅಕ್ಕನಿಗೂ ಗೊತ್ತಿರಲಿಲ್ಲ.

ರಕ್ತಸಂಬಂಧದಿಂದ ಸಾಲ ತಾನಾಗಿ ಹರಿದು ಬರುತ್ತದೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ, ಅದಕ್ಕೆ ಹಳೆಯ ಬೇರೂ ಇದೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬುದನ್ನು ಹಿಂದೂ ಕಾನೂನು ಬಹುಕಾಲ ಒಂದು ಬಾಧ್ಯತೆಯಾಗಿಯೇ ಒಪ್ಪಿಕೊಂಡಿತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ಅದನ್ನು ಕೊನೆಗೊಳಿಸಿತು. ಆ ತಿದ್ದುಪಡಿ ಜಾರಿಗೆ ಬಂದ ಮೇಲೆ ಮಾಡಿದ ಸಾಲಕ್ಕಾಗಿ, ಆ ಧರ್ಮಬಾಧ್ಯತೆ ಒಂದನ್ನೇ ಮುಂದಿಟ್ಟುಕೊಂಡು ಮಗ, ಮೊಮ್ಮಗ, ಮರಿಮಗನ ಮೇಲೆ ಕ್ರಮ ಜರುಗಿಸಲು ಯಾವ ನ್ಯಾಯಾಲಯವೂ ಒಪ್ಪುವಂತಿಲ್ಲ. ಸಾಲಗಾರ ತೀರಿಕೊಂಡರೆ ವಾರಸುದಾರರು ತಮಗೆ ಬಂದ ಆಸ್ತಿಯ ಮಟ್ಟಿಗೆ ಉತ್ತರ ಕೊಡಬೇಕಾಗುತ್ತದೆ, ಅಷ್ಟೇ. ಬದುಕಿರುವ ತಮ್ಮನ ಸಾಲಕ್ಕೆ ಮದುವೆಯಾಗಿ ಬೇರೆ ಮನೆ ಸೇರಿದ ಅಕ್ಕ ಹೊಣೆ ಎನ್ನುವುದು ಹಳೆಯ ಕಾನೂನಿನಲ್ಲೂ ಇರಲಿಲ್ಲ, ಇಂದಿನದರಲ್ಲೂ ಇಲ್ಲ.

ಅಕ್ಕನ ಮನೆಯಲ್ಲಿ ನಡೆದದ್ದು

ಕಂತು ತಪ್ಪಿದ ಮೇಲೆ ರೀಲರ್ ಸಂಕೋಚದಿಂದ ಗೊತ್ತಿಲ್ಲದ ನಂಬರ್‌ಗಳ ಕರೆ ಎತ್ತುವುದನ್ನು ನಿಲ್ಲಿಸಿದ್ದರು. ನವೆಂಬರ್ 18ರಂದು ಅಕ್ಕನಿಗೆ ಮೊದಲ ಕರೆ ಬಂತು. ಮಾತಾಡಿದವರು ಮರ್ಯಾದೆಯಿಂದಲೇ, "ನಿಮ್ಮ ತಮ್ಮ ಫೋನ್ ತೆಗೀತಿಲ್ಲ ಮೇಡಂ, ಒಂದು ಸಲ ಮಾತಾಡೋಕೆ ಹೇಳಿ" ಎಂದರು. ಈ ಕರೆಯನ್ನು ನಾವು ದೂರಿನಲ್ಲಿ ಸೇರಿಸಲಿಲ್ಲ. ಸಾಲಗಾರ ಸಿಗದಿದ್ದಾಗ ರೆಫರೆನ್ಸ್ ಕೊಟ್ಟವರಿಗೆ ಒಮ್ಮೆ ಕರೆ ಮಾಡಿ ಸಂಪರ್ಕ ಕೇಳುವುದನ್ನೂ ಆ ಬಳಿಕ ನಡೆದದ್ದನ್ನೂ ಒಂದೇ ತಕ್ಕಡಿಗೆ ಹಾಕಿದರೆ ದೂರಿನ ತೂಕವೇ ಕಡಿಮೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯವಾಗಿತ್ತು.

ನವೆಂಬರ್ 25ರ ಸೋಮವಾರ ಅಕ್ಕನ ಫೋನಿಗೆ ಬೇರೆ ಬೇರೆ ನಂಬರ್‌ಗಳಿಂದ ಹನ್ನೊಂದು ಕರೆಗಳು ಬಂದಿವೆ. ಮೊದಲನೆಯದು ಬೆಳಿಗ್ಗೆ 6 ಗಂಟೆ 52 ನಿಮಿಷಕ್ಕೆ, ಕೊನೆಯದು ರಾತ್ರಿ 9 ಗಂಟೆ 14 ನಿಮಿಷಕ್ಕೆ. ಅಷ್ಟು ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು. ಮರುದಿನ ಭಾವನವರ ವಾಟ್ಸ್‌ಆ್ಯಪ್‌ಗೆ ರೀಲರ್‌ನ ಆಧಾರ್ ಫೋಟೊ ಬಂತು, ಅದರ ಮೇಲೆ ಕೆಂಪಕ್ಷರದಲ್ಲಿ 'ವಂಚಕ' ಎಂದು ಬರೆದಿತ್ತು, ಕೆಳಗೆ 'ಇವನ ಕುಟುಂಬದವರ ಜೊತೆ ವ್ಯವಹಾರ ಮಾಡಬೇಡಿ' ಎಂಬ ಸಾಲಿತ್ತು. ಅದೇ ಚಿತ್ರ ಶಿಡ್ಲಘಟ್ಟದ ಇಬ್ಬರು ನೂಲು ವ್ಯಾಪಾರಿಗಳಿಗೂ ಹೋಗಿತ್ತು. ಭಾವನವರ ನಂಬರ್ ಆಗಲಿ ಈ ವ್ಯಾಪಾರಿಗಳ ನಂಬರ್ ಆಗಲಿ ಸಾಲದ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. ಅವು ಇದ್ದದ್ದು ರೀಲರ್‌ನ ಮೊಬೈಲಿನ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಮಾತ್ರ.

ನವೆಂಬರ್ 28ರ ಗುರುವಾರ ರಾತ್ರಿ 7.40ರ ಸುಮಾರಿಗೆ ಇಬ್ಬರು ಬೈಕಿನಲ್ಲಿ ಅಕ್ಕನ ಗಂಡನ ಮನೆಗೆ ಬಂದರು. ಅತ್ತೆ ಜಗಲಿಯ ಮೇಲೆ ಕೂತಿದ್ದರು, ಎದುರು ಮನೆಯವರು ಡೈರಿಗೆ ಹಾಲು ಹಾಕಿ ವಾಪಸಾಗುತ್ತಿದ್ದರು. ಬಂದವರು ಗುರುತಿನ ಚೀಟಿ ತೋರಿಸಲಿಲ್ಲ, ಕಂಪನಿಯ ಅಧಿಕಾರಪತ್ರವನ್ನೂ ತೋರಿಸಲಿಲ್ಲ. ಅಕ್ಕನನ್ನು ಹೊರಗೆ ಕರೆಸಿ, ಅತ್ತೆಗೆ ಕೇಳುವಂತೆ, "ಏನಮ್ಮಾ, ನಿನ್ನ ಸೊಸೆ ತವರಿನವರು ಊರ ದುಡ್ಡು ತಿಂದು ಕೂತವ್ರೆ, ನೀವು ಕಟ್ಟಲಿಲ್ಲ ಅಂದ್ರೆ ನಾಳೆ ಡೈರಿ ಹತ್ರ ನಿಂತು ಎಲ್ಲರಿಗೂ ಹೇಳ್ತೀವಿ" ಎಂದರು. ಕಟ್ಟದಿದ್ದರೆ ಅಕ್ಕ ಮತ್ತು ಭಾವನವರ ಸಿಬಿಲ್ ಹಾಳಾಗುತ್ತದೆ, ಇನ್ನು ಮುಂದೆ ಅವರಿಗೆ ಹಸುವಿನ ಸಾಲವೂ ಸಿಗುವುದಿಲ್ಲ, ತಮ್ಮನನ್ನು ಪೊಲೀಸರು ಎತ್ತಿಕೊಂಡು ಹೋಗುತ್ತಾರೆ ಎಂದೂ ಹೇಳಿದರು. ಮರುದಿನವೇ ಓಲೆ ಗಿರವಿ ಅಂಗಡಿ ಸೇರಿತು.

ವಸೂಲಿಗಾರರು ಶಿಡ್ಲಘಟ್ಟದಲ್ಲೇ ಇರುವ ಸಾಲಗಾರನ ಮನೆಗೆ ಒಮ್ಮೆಯೂ ಹೋಗಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಸಾಲಗಾರ ಸಿಗದ ಕಾರಣಕ್ಕೆ ಅವರು ಅಕ್ಕನ ಮನೆಗೆ ಹೋದದ್ದಲ್ಲ. ಗಂಡನ ಮನೆಯಲ್ಲಿ ತವರಿನ ಮರ್ಯಾದೆ ಕಳೆಯಬಾರದು ಎಂದು ಹೆಣ್ಣುಮಗಳು ಎಷ್ಟನ್ನು ಬೇಕಾದರೂ ಕಳೆದುಕೊಳ್ಳಲು ಸಿದ್ಧಳಿರುತ್ತಾಳೆ ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಆ ಒಂದು ಸಂಜೆಯಿಂದ ಅಕ್ಕ ಮತ್ತು ಅವರ ಅತ್ತೆಯ ನಡುವೆ ಉಂಟಾದ ಮುನಿಸು ತಿಂಗಳುಗಟ್ಟಲೆ ಉಳಿಯಿತು, ಅದಕ್ಕೆ ಯಾವ ನಿಯಮದಲ್ಲೂ ಪರಿಹಾರದ ಮೊತ್ತ ನಿಗದಿಯಾಗಿಲ್ಲ.

ನಿಯಮಗಳು ಏನು ಹೇಳುತ್ತವೆ

2022ರ ಆಗಸ್ಟ್ 12ರಂದು ರಿಸರ್ವ್ ಬ್ಯಾಂಕ್ ವಸೂಲಿ ಏಜೆಂಟರ ಕುರಿತು ಒಂದು ಸುತ್ತೋಲೆ ಹೊರಡಿಸಿತು, ಬ್ಯಾಂಕುಗಳ ಜೊತೆಗೆ ಹಣಕಾಸು ಕಂಪನಿಗಳಿಗೂ ಅದು ಅನ್ವಯಿಸಿತು. ಸಾಲ ವಸೂಲಿಯಲ್ಲಿ ಯಾವುದೇ ವ್ಯಕ್ತಿಯ ಮೇಲೆ ಮಾತಿನಿಂದಾಗಲಿ ದೈಹಿಕವಾಗಿಯಾಗಲಿ ಬೆದರಿಕೆ, ಕಿರುಕುಳ ನಡೆಸುವಂತಿಲ್ಲ ಎನ್ನುವ ಆ ಸುತ್ತೋಲೆ, ಏನೇನು ಮಾಡಬಾರದು ಎಂಬುದನ್ನೂ ಬಿಡಿಸಿ ಹೇಳುತ್ತದೆ. ಬಹಿರಂಗವಾಗಿ ಅವಮಾನಿಸುವುದು, ಸಾಲಗಾರರ ಕುಟುಂಬದವರ, ರೆಫರೆನ್ಸ್ ಆದವರ, ಸ್ನೇಹಿತರ ಖಾಸಗಿತನಕ್ಕೆ ನುಗ್ಗುವುದು, ಮೊಬೈಲ್ ಅಥವಾ ಸಾಮಾಜಿಕ ಜಾಲತಾಣದಲ್ಲಿ ಅನುಚಿತ ಸಂದೇಶ ಕಳಿಸುವುದು, ಬೆದರಿಕೆಯ ಅಥವಾ ಅನಾಮಧೇಯ ಕರೆ ಮಾಡುವುದು, ಪದೇ ಪದೇ ಕರೆ ಮಾಡುವುದು, ಬೆಳಿಗ್ಗೆ 8ಕ್ಕಿಂತ ಮೊದಲು ಮತ್ತು ಸಂಜೆ 7ರ ನಂತರ ಸಾಲಗಾರರಿಗೆ ಕರೆ ಮಾಡುವುದು, ಸುಳ್ಳು ಹೇಳಿ ದಾರಿ ತಪ್ಪಿಸುವುದು, ಇವೆಲ್ಲ ಅದರಲ್ಲಿ ಬರುತ್ತವೆ. ಈ ಪ್ರಕರಣಕ್ಕೆ ಅತ್ಯಂತ ಮುಖ್ಯವಾದದ್ದು 'ಯಾವುದೇ ವ್ಯಕ್ತಿಯ ಮೇಲೆ' ಎಂಬ ಮಾತು. ರಕ್ಷಣೆ ಸಾಲಗಾರನಿಗೆ ಮಾತ್ರ ಸಿಗುವುದಲ್ಲ, ಸಾಲವೇ ಮಾಡದ ಅಕ್ಕನಿಗೂ ಅಷ್ಟೇ ಸಿಗುತ್ತದೆ. ಏಜೆಂಟ್ ಹೊರಗಿನ ಸಂಸ್ಥೆಯವನು ಎಂದು ಹೇಳಿ ಕಂಪನಿ ನುಣುಚಿಕೊಳ್ಳುವಂತೆಯೂ ಇಲ್ಲ, ಅವನ ನಡತೆಗೆ ಕಂಪನಿಯೇ ಹೊಣೆ.

ಸಮಯದ ವಿಷಯದಲ್ಲಿ ನಮ್ಮ ಕಡೆ ಒಂದು ಗೊಂದಲವಿದೆ. ಸಂಘದ ಸಾಲ ಎಂದು ನಾವು ಕರೆಯುವ ಮೈಕ್ರೋಫೈನಾನ್ಸ್ ಸಾಲಕ್ಕೆ, ಅಂದರೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲಕ್ಕೆ, 2022ರ ಮಾರ್ಚ್ 14ರ ಪ್ರತ್ಯೇಕ ನಿರ್ದೇಶನಗಳಿವೆ. ಅಲ್ಲಿ ಕರೆಯ ಮಿತಿ ಬೆಳಿಗ್ಗೆ 9ರಿಂದ ಸಂಜೆ 6. ಸಾಲಗಾರರ ಬಂಧುಗಳಿಗೆ, ಸ್ನೇಹಿತರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಕಿರುಕುಳ ಕೊಡುವುದನ್ನೂ, ಸಾಲಗಾರರ ಹೆಸರನ್ನು ಪ್ರಕಟಿಸುವುದನ್ನೂ ಕಠೋರ ಕ್ರಮವೆಂದು ಹೆಸರಿಸಿ ನಿಷೇಧಿಸಲಾಗಿದೆ. ಹಣವನ್ನು ಇಬ್ಬರೂ ಒಪ್ಪಿದ ಜಾಗದಲ್ಲೇ ಪಡೆಯಬೇಕು, ಸಾಲಗಾರರು ಸತತ ಎರಡು ಅಥವಾ ಹೆಚ್ಚು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಅವರ ಮನೆಗೆ ಅಥವಾ ಕೆಲಸದ ಜಾಗಕ್ಕೆ ಹೋಗಬಹುದು. ನಮ್ಮ ರೀಲರ್ ಅರ್ಜಿಯಲ್ಲಿ ತೋರಿಸಿದ್ದ ಕುಟುಂಬದ ಆದಾಯ 3 ಲಕ್ಷಕ್ಕಿಂತ ಹೆಚ್ಚಿದ್ದುದರಿಂದ ಅವರದು ಮೈಕ್ರೋಫೈನಾನ್ಸ್ ಸಾಲವಲ್ಲ. ಆದ್ದರಿಂದ ದೂರಿನಲ್ಲಿ 8 ಮತ್ತು 7ರ ಮಿತಿಯನ್ನೇ ಬರೆದೆವು. 6.52ರ ಕರೆಯೂ 9.14ರ ಕರೆಯೂ 7.40ರ ಭೇಟಿಯೂ ಆ ಮಿತಿಯ ಹೊರಗೇ ಇದ್ದವು.

ಕಾಂಟ್ಯಾಕ್ಟ್ ಪಟ್ಟಿಯ ವಿಷಯ ಇದಕ್ಕಿಂತ ಗಂಭೀರ. 2022ರ ಸೆಪ್ಟೆಂಬರ್‌ನ ಡಿಜಿಟಲ್ ಸಾಲದ ಮಾರ್ಗಸೂಚಿಯ ಪ್ರಕಾರ ಸಾಲದ ಆ್ಯಪ್‌ಗಳು ಮೊಬೈಲಿನ ಫೈಲುಗಳು, ಫೋಟೊಗಳು, ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ದಾಖಲೆ ಇವುಗಳಿಗೆ ಕೈಹಾಕಬಾರದು. ಗುರುತು ಪರಿಶೀಲನೆಗೆ ಕ್ಯಾಮೆರಾ, ಮೈಕ್, ಸ್ಥಳದ ಮಾಹಿತಿಯನ್ನು ಗ್ರಾಹಕರ ಸ್ಪಷ್ಟ ಒಪ್ಪಿಗೆಯಿಂದ ಒಂದು ಸಲ ಬಳಸಬಹುದು, ಅಷ್ಟೇ. 2025ರ ಮೇ 8ರಂದು ಬಂದ ಡಿಜಿಟಲ್ ಸಾಲದ ನಿರ್ದೇಶನಗಳೂ ಇದನ್ನೇ ಉಳಿಸಿಕೊಂಡವು. ವಸೂಲಿಯನ್ನು ಬೇರೆ ಸಂಸ್ಥೆಗೆ ಒಪ್ಪಿಸಿದಾಗ ಅದರ ವಿವರವನ್ನು ಸಾಲಗಾರನಿಗೆ ತಿಳಿಸಬೇಕು ಎಂಬುದೂ ಅಲ್ಲಿದೆ. ರೀಲರ್‌ಗೆ ಅಂತಹ ಯಾವ ಸಂದೇಶವೂ ಬಂದಿರಲಿಲ್ಲ.

ಬೆದರಿಕೆಯ ಮಾತುಗಳ ನಿಜಾಂಶವನ್ನೂ ಹೇಳಬೇಕು. ಅಕ್ಕ ಸಾಲಗಾರಳಲ್ಲ, ಜಾಮೀನುದಾರಳೂ ಅಲ್ಲ, ಆದ್ದರಿಂದ ತಮ್ಮನ ಬಾಕಿ ಅವರ ಸಿಬಿಲ್ ವರದಿಗೆ ಸೇರುವುದಿಲ್ಲ. ಸಾಲ ಕಟ್ಟಲಾಗದಿರುವುದೇ ಜೈಲಿಗೆ ಹಾಕುವ ಅಪರಾಧವಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು, ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಹಣವಿಲ್ಲದೆ ಬೌನ್ಸ್ ಆದರೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮು ಅನ್ವಯಿಸಬಹುದು. ಅದಕ್ಕೆ ಲಿಖಿತ ನೋಟಿಸ್ ಬರಬೇಕು, ನೋಟಿಸ್ ತಲುಪಿದ ಮೇಲೆ ಕಟ್ಟಲು 15 ದಿನ ಸಿಗುತ್ತದೆ, ಹೊಣೆ ಖಾತೆದಾರನದು. ಅಂತಹ ನೋಟಿಸ್ ಬಂದರೆ ಅದನ್ನು ಬದಿಗಿಡದೆ ಕೂಡಲೇ ವಕೀಲರಿಗೆ ತೋರಿಸಬೇಕು. ಈ ಪ್ರಕರಣದಲ್ಲಿ ನೋಟಿಸ್ ಬಂದಿರಲಿಲ್ಲ.

ಎರಡು ಪತ್ರಗಳು

ಕುಟುಂಬ ನನ್ನ ಬಳಿ ಬಂದಾಗ ರೀಲರ್ ಹೇಳಿದ ಮೊದಲ ಮಾತು, "ಬಾಕಿ ಇಟ್ಕೊಂಡು ನಾನು ಯಾವ ಮುಖ ಇಟ್ಕೊಂಡು ಕಂಪ್ಲೇಂಟ್ ಕೊಡ್ಲಿ ಸಾರ್" ಎಂಬುದು. ಹೆಚ್ಚಿನ ದೂರುಗಳು ಬರೆಯದೆಯೇ ಉಳಿದುಬಿಡುವುದು ಈ ಮಾತಿನಿಂದ. ಸಾಲ ಒಂದು ವ್ಯವಹಾರ, ಕಾಟ ಇನ್ನೊಂದು ತಪ್ಪು. ಸಾಲ ಬಾಕಿ ಇದೆ ಎಂಬುದರಿಂದ ಕಾಟ ಸರಿಯಾಗುವುದಿಲ್ಲ, ಕಾಟ ಕೊಟ್ಟರು ಎಂಬುದರಿಂದ ಸಾಲ ಮನ್ನಾ ಆಗುವುದೂ ಇಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಕಲಸಿದರೆ ಕಂಪನಿ ಸಾಲದ ಭಾಗಕ್ಕೆ ಮಾತ್ರ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಆದ್ದರಿಂದ ಡಿಸೆಂಬರ್ 9ರಂದು ಎರಡು ಬೇರೆ ಬೇರೆ ಪತ್ರಗಳನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಮಾಡಿ, ಮುದ್ರಿತ ಪ್ರತಿಗಳನ್ನು ನೋಂದಾಯಿತ ಅಂಚೆಯಲ್ಲೂ ಕಳಿಸಿದೆವು.

ಮೊದಲ ಪತ್ರ ಸಾಲದ್ದು. ಡಿಸೆಂಬರ್‌ನಿಂದ ತಿಂಗಳ ಕಂತು ತಪ್ಪದೆ ಕಟ್ಟುವುದಾಗಿಯೂ, ಹಳೆಯ ಮೂರು ಕಂತುಗಳನ್ನು ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಒಂದೊಂದಾಗಿ ಸೇರಿಸಿ ತೀರಿಸುವುದಾಗಿಯೂ ಅದರಲ್ಲಿ ಬರೆದಿತ್ತು. ಡಿಸೆಂಬರ್ ಕಂತು ಅಷ್ಟರಲ್ಲೇ ಸಂದಾಯವಾಗಿತ್ತು, ಅದರ ರಸೀದಿಯನ್ನೂ ಲಗತ್ತಿಸಿದೆವು.

ಎರಡನೆಯದು ದೂರಿನ ಪತ್ರ. ಅದರ ಮುಖ್ಯ ಭಾಗ ಹೀಗಿತ್ತು: "ನನ್ನ ಸಾಲದ ಬಾಕಿಯನ್ನು ನಾನು ಒಪ್ಪಿಕೊಂಡಿದ್ದೇನೆ, ಅದರ ಪಾವತಿಯ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದೇನೆ. ಈ ಪತ್ರ ತಮ್ಮ ವಸೂಲಿ ಏಜೆಂಟರ ನಡತೆಯನ್ನು ಕುರಿತದ್ದು. ನನ್ನ ಅಕ್ಕ ಈ ಸಾಲಕ್ಕೆ ಸಹಸಾಲಗಾರರೂ ಅಲ್ಲ, ಜಾಮೀನುದಾರರೂ ಅಲ್ಲ. ಅವರನ್ನು, ಅವರ ಪತಿಯನ್ನು, ಅವರ ಅತ್ತೆಯನ್ನು ಈ ಸಾಲದ ವಿಷಯವಾಗಿ ಇನ್ನು ಮುಂದೆ ಸಂಪರ್ಕಿಸಬಾರದು. ನನ್ನನ್ನು ಈ ಮೊಬೈಲ್ ಸಂಖ್ಯೆಯಲ್ಲಿ, ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ಸಂಪರ್ಕಿಸಬಹುದು. ನವೆಂಬರ್ 29ರಂದು ನನ್ನ ಅಕ್ಕನಿಂದ ತಮ್ಮ ಏಜೆಂಟರು ಪಡೆದ 8,000 ರೂಪಾಯಿ ನನ್ನ ಖಾತೆಗೆ ಜಮೆಯಾಗಿಲ್ಲ, ಅದರ ಲೆಕ್ಕ ಕೊಡಬೇಕು. ನನ್ನ ಮೊಬೈಲಿನ ಕಾಂಟ್ಯಾಕ್ಟ್ ಪಟ್ಟಿ ತಮ್ಮ ಬಳಿ ಹೇಗೆ ಬಂತು ಎಂಬುದನ್ನು ಲಿಖಿತವಾಗಿ ತಿಳಿಸಬೇಕು."

ಇದರ ಜೊತೆಗೆ ಅಕ್ಕ ತಮ್ಮದೇ ಸಹಿಯ ಹೇಳಿಕೆಯೊಂದನ್ನು ಕೊಟ್ಟರು. ಬ್ಯಾಂಕು, ಹಣಕಾಸು ಕಂಪನಿಗಳ ಮೇಲಿನ ದೂರು ವಿಚಾರಿಸಲು ರಿಸರ್ವ್ ಬ್ಯಾಂಕ್ ನೇಮಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ದೂರು ಕೊಡುವ ಹಕ್ಕು ಗ್ರಾಹಕನದು, ಅಕ್ಕ ಆ ಕಂಪನಿಯ ಗ್ರಾಹಕಿಯಲ್ಲ. ಆದ್ದರಿಂದ ದೂರನ್ನು ಸಾಲಗಾರನ ಹೆಸರಿನಲ್ಲೇ ನಡೆಸಿ, ಕುಟುಂಬದವರು ಅನುಭವಿಸಿದ್ದನ್ನು ಸಾಕ್ಷ್ಯವಾಗಿ ಸೇರಿಸುವುದು ಸರಿಯಾದ ದಾರಿಯಾಗಿತ್ತು. ಕರೆಗಳ ಪಟ್ಟಿಯ ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್ ಚಿತ್ರ, ಫೋನ್‌ಪೇ ಪಾವತಿಯ ಪುಟ, ಒಂದು ಕರೆಯ ಧ್ವನಿಮುದ್ರಣ, ಗಿರವಿ ಅಂಗಡಿಯ ಚೀಟಿ ಇವಿಷ್ಟು ಲಗತ್ತುಗಳು. ಫೋನ್‌ಪೇ ಪುಟದಲ್ಲಿ ಹಣ ಪಡೆದವನ ಜಾಗದಲ್ಲಿ ಕಂಪನಿಯ ಹೆಸರಿನ ಬದಲು ಒಬ್ಬ ವ್ಯಕ್ತಿಯ ಹೆಸರಿತ್ತು, ಆ ಒಂದು ಸಾಲಿಗೆ ಕಂಪನಿಯ ಬಳಿ ಉತ್ತರವಿರಲಿಲ್ಲ. ಭಯದಲ್ಲಿ ಸಂದೇಶಗಳನ್ನು ಅಳಿಸಿಹಾಕುವವರೇ ಹೆಚ್ಚು. ಅಕ್ಕ ಅಳಿಸಿರಲಿಲ್ಲ, ಅದೇ ಫೋನನ್ನು ಬದಲಾಯಿಸದೆ ಇಟ್ಟುಕೊಂಡಿದ್ದರು. ವಿಷಯ ನ್ಯಾಯಾಲಯಕ್ಕೆ ಹೋದರೆ ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದಕ್ಕೆ ಮೂಲ ಫೋನ್ ಕೈಯಲ್ಲಿರುವುದು ಒಳ್ಳೆಯದು.

ಠಾಣೆ, ಒಂಬುಡ್ಸ್‌ಮನ್, ರಾಜ್ಯದ ಕಾನೂನು

ಪೊಲೀಸ್ ಠಾಣೆಯಲ್ಲಿ ಮೊದಲು ಬಂದ ಉತ್ತರ ನಿರೀಕ್ಷಿತವೇ ಆಗಿತ್ತು. ಸಾಲದ ವಿಷಯ ಸಿವಿಲ್ ವ್ಯಾಜ್ಯ, ನ್ಯಾಯಾಲಯಕ್ಕೆ ಹೋಗಿ ಎಂದರು. ದೂರಿನಲ್ಲಿ ಸಾಲದ ಬಗ್ಗೆ ಏನನ್ನೂ ಕೇಳಿಲ್ಲ, ರಾತ್ರಿ ಮನೆಗೆ ಬಂದು ಬೆದರಿಸಿದ್ದು ಮತ್ತು 'ವಂಚಕ' ಎಂದು ಚಿತ್ರ ಹಂಚಿದ್ದು ಮಾತ್ರ ಇದೆ ಎಂದು ತೋರಿಸಿದ ಮೇಲೆ ಅರ್ಜಿ ಸ್ವೀಕರಿಸಿದರು. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮು ಅಪರಾಧಿಕ ಬೆದರಿಕೆಯನ್ನೂ, 352 ಉದ್ದೇಶಪೂರ್ವಕ ಅವಮಾನವನ್ನೂ, 356 ಮಾನಹಾನಿಯನ್ನೂ ಕುರಿತವು. ಅವುಗಳನ್ನು ಅರ್ಜಿಯಲ್ಲಿ ಹೆಸರಿಸಿದ್ದೆವು. ಪೊಲೀಸರು ಎಫ್‌ಐಆರ್ ದಾಖಲಿಸಲಿಲ್ಲ. ಏಜೆಂಟನನ್ನು ಠಾಣೆಗೆ ಕರೆಸಿ ಎಚ್ಚರಿಕೆ ನೀಡಿ, ಮುಚ್ಚಳಿಕೆ ಬರೆಸಿಕೊಂಡು, ಅಕ್ಕನಿಗೆ ಹಿಂಬರಹ, ಅಂದರೆ ಅರ್ಜಿಯ ಮೇಲೆ ಏನು ಕ್ರಮ ಕೈಗೊಂಡರು ಎಂಬ ಲಿಖಿತ ಉತ್ತರ, ಕೊಟ್ಟರು. ಇದು ನನಗೆ ಪೂರ್ಣ ಸಮಾಧಾನ ತಂದ ಫಲವಲ್ಲ. ಆದರೆ ಆ ಹಿಂಬರಹ ಮುಂದೆ ಒಂಬುಡ್ಸ್‌ಮನ್ ಮುಂದೆ ಬಲವಾದ ದಾಖಲೆಯಾಯಿತು, ಅಕ್ಕನ ಮನೆಗೆ ಮತ್ತೆ ಯಾರೂ ಬರಲಿಲ್ಲ. ಏಜೆಂಟರು ಬಾಗಿಲಲ್ಲೇ ನಿಂತು ಗಲಾಟೆ ಮಾಡುತ್ತಿರುವಾಗ ಠಾಣೆಗೆ ಓಡುವ ಬದಲು 112ಕ್ಕೆ ಕರೆ ಮಾಡುವುದು ಉತ್ತಮ, ಆ ಕರೆಯೇ ದಿನಾಂಕ, ಸಮಯದ ದಾಖಲೆಯಾಗಿ ಉಳಿಯುತ್ತದೆ.

ಕಂಪನಿಯಿಂದ ಬಂದದ್ದು 'ನಿಮ್ಮ ದೂರು ಪರಿಶೀಲನೆಯಲ್ಲಿದೆ' ಎಂಬ ಒಂದು ಸಂದೇಶ ಮಾತ್ರ. 30 ದಿನ ಕಳೆದ ಮೇಲೆ, 2025ರ ಜನವರಿ 10ರಂದು, ರಿಸರ್ವ್ ಬ್ಯಾಂಕಿನ 2021ರ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಡಿ ಅದರ ದೂರು ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆವು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಮೊದಲು ಕಂಪನಿಗೆ ದೂರು ಕೊಟ್ಟು 30 ದಿನ ಕಾಯದೆ ಬಂದರೆ ಅದನ್ನು ಸ್ವೀಕರಿಸುವುದಿಲ್ಲ, ಆ ಯೋಜನೆಯಲ್ಲಿ ಉತ್ತರ ಬಂದು ಒಂದು ವರ್ಷ ದಾಟಿದ ಮೇಲೂ ಸ್ವೀಕರಿಸುತ್ತಿರಲಿಲ್ಲ. ಆ ಯೋಜನೆಯಲ್ಲಿ ಸಮಯದ ನಷ್ಟ, ಖರ್ಚು, ಕಿರುಕುಳ ಮತ್ತು ಮಾನಸಿಕ ಯಾತನೆಗೆ 1 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರವಿತ್ತು. ಪೋರ್ಟಲ್ ಬಳಸಲು ಬಾರದವರು 14448ಕ್ಕೆ ಕರೆ ಮಾಡಿ ವಿಧಾನ ಕೇಳಿಕೊಳ್ಳಬಹುದು.

ದೂರು ವಿಚಾರಣೆಯಲ್ಲಿರುವಾಗಲೇ, ಫೆಬ್ರವರಿ 12ರಂದು, ಕಿರುಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯುವ ಕರ್ನಾಟಕ ಸರ್ಕಾರದ ಸುಗ್ರೀವಾಜ್ಞೆಗೆ ರಾಜ್ಯಪಾಲರು ಅಂಕಿತ ಹಾಕಿದರು, ಆಮೇಲೆ ಅದು ಕಾಯ್ದೆಯೂ ಆಯಿತು. ಸಾಲಗಾರನ ಕುಟುಂಬದವರನ್ನು ಬೆದರಿಸುವುದು, ಅವಮಾನಿಸುವುದು, ಹಿಂಬಾಲಿಸುವುದು ಅದರಲ್ಲಿ ಸ್ಪಷ್ಟವಾಗಿ ಬಲವಂತದ ಕ್ರಮಗಳು, 6 ತಿಂಗಳಿಂದ 10 ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸುದ್ದಿ ಬಂದ ದಿನ ರೀಲರ್ ಫೋನ್ ಮಾಡಿ, "ಸಾಲಾನೇ ಮನ್ನಾ ಅಂತಾವ್ರೆ ಸಾರ್ ಮಾರ್ಕೆಟ್‌ನಲ್ಲಿ, ಇನ್ನು ಕಟ್ಟೋದು ಬೇಡ್ವಾ" ಎಂದು ಕೇಳಿದರು. ಅದು ತಪ್ಪು ತಿಳಿವಳಿಕೆ. ನೋಂದಣಿ, ಪರವಾನಗಿ ಇಲ್ಲದವರು ಆರ್ಥಿಕವಾಗಿ ದುರ್ಬಲರಾದವರಿಗೆ ಕೊಟ್ಟ ಸಾಲ ತೀರಿದಂತೆ ಎಂದು ಆ ಕಾನೂನು ಹೇಳುತ್ತದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಅದರ ವ್ಯಾಪ್ತಿಯ ಹೊರಗಿವೆ. ರೀಲರ್‌ನ ಕಂಪನಿ ನೋಂದಾಯಿತವಾದ್ದರಿಂದ ನಮ್ಮ ದಾರಿ ಒಂಬುಡ್ಸ್‌ಮನ್‌ನದೇ ಆಗಿತ್ತು. ಮೀಟರ್ ಬಡ್ಡಿಯವರ, ನೋಂದಣಿಯಿಲ್ಲದ ಫೈನಾನ್ಸ್‌ನವರ ಕಾಟವಿದ್ದರೆ ಮಾತ್ರ ರಾಜ್ಯದ ಕಾನೂನಿನಡಿ ಠಾಣೆಗೆ ಹೋಗಬೇಕು. ಸಾಲ ಕೊಟ್ಟವರು ನೋಂದಾಯಿತರೋ ಅಲ್ಲವೋ ಎಂಬುದನ್ನು ರಿಸರ್ವ್ ಬ್ಯಾಂಕಿನ ಜಾಲತಾಣದ ಪಟ್ಟಿಯಲ್ಲಿ ನೋಡಿಯೇ ಮುಂದಿನ ಹೆಜ್ಜೆ ಇಡಬೇಕು, ಹೆಸರಿನ ಮುಂದೆ 'ಫೈನಾನ್ಸ್' ಎಂದಿದ್ದ ಮಾತ್ರಕ್ಕೆ ಏನೂ ತೀರ್ಮಾನವಾಗುವುದಿಲ್ಲ.

ಫಲ

ಒಂಬುಡ್ಸ್‌ಮನ್ ಕಚೇರಿಯಿಂದ ವಿವರಣೆ ಕೇಳಿದ ಮೇಲೆ ಕಂಪನಿಯ ಧಾಟಿ ಬದಲಾಯಿತು. ಮಾರ್ಚ್‌ನಲ್ಲಿ ರಾಜಿಯಾಯಿತು. 8,000 ರೂಪಾಯಿಯನ್ನು ಅಕ್ಕ ಹಾಕಿದ ದಿನಾಂಕದಿಂದಲೇ ಜಮಾ ಮಾಡಿದರು. ಬಾಕಿ ಕಂತುಗಳ ಬಗ್ಗೆ ರೀಲರ್ ಬರೆದಿದ್ದ ಪ್ರಸ್ತಾವವನ್ನು ಒಪ್ಪಿಕೊಂಡರು. ಆ ವಸೂಲಿ ಸಂಸ್ಥೆಯನ್ನು ಈ ಖಾತೆಯಿಂದ ತೆಗೆದದ್ದಾಗಿಯೂ, ಸಾಲಗಾರನನ್ನು ಬಿಟ್ಟು ಉಳಿದೆಲ್ಲರ ಫೋನ್ ಸಂಖ್ಯೆಗಳನ್ನು ಅಳಿಸಿದ್ದಾಗಿಯೂ ಬರೆದುಕೊಟ್ಟರು. ಕಿರುಕುಳಕ್ಕೆ ಪರಿಹಾರವಾಗಿ 12,000 ರೂಪಾಯಿ ಕೊಟ್ಟರು, ಅದರಲ್ಲಿ ಓಲೆಗಳು ಗಿರವಿಯಿಂದ ಬಿಡಿಸಲ್ಪಟ್ಟವು. ಕಾಂಟ್ಯಾಕ್ಟ್ ಪಟ್ಟಿ ಹೇಗೆ ಸೋರಿತು ಎಂಬ ಪ್ರಶ್ನೆಗೆ ಮಾತ್ರ 'ಆಂತರಿಕ ತನಿಖೆ ನಡೆಸಲಾಗುವುದು' ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ದೊಡ್ಡ ತಪ್ಪು ಅದೇ, ರಾಜಿಯಲ್ಲಿ ಅದನ್ನು ಬಿಟ್ಟುಕೊಟ್ಟದ್ದು ಕಂತಿನ ನೆಮ್ಮದಿಗಾಗಿ ಕುಟುಂಬ ಮಾಡಿಕೊಂಡ ಆಯ್ಕೆ. 2025ರ ಆಗಸ್ಟ್‌ನಲ್ಲಿ ಕೊನೆಯ ಕಂತು ಸಂದಾಯವಾಗಿ, ಬಾಕಿ ಇಲ್ಲ ಎಂಬ ಪತ್ರ ರೀಲರ್ ಕೈಸೇರಿದೆ.

ಅಕ್ಕ ತಮ್ಮದೇ ಹೆಸರಿನಲ್ಲಿ ಮುಂದುವರಿಯಬಹುದಿತ್ತು. ಮಾನನಷ್ಟದ ಪರಿಹಾರಕ್ಕೆ ಸಿವಿಲ್ ದಾವೆ ಹೂಡಲು ಒಂದು ವರ್ಷದ ಕಾಲಮಿತಿಯಿದೆ. ಮಹಿಳೆಯಾದ್ದರಿಂದ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಿದ್ದರು. ಇದನ್ನು ಅವರಿಗೆ ವಿವರಿಸಿ, 15100 ಸಹಾಯವಾಣಿಯ ಸಂಖ್ಯೆಯನ್ನೂ ಕೊಟ್ಟಿದ್ದೆ. ಯೋಚಿಸಿ ಬೇಡ ಎಂದರು. ದಾವೆ ಹೂಡಿದರೆ ಆ ಸಂಜೆ ಜಗಲಿಯ ಮೇಲಿದ್ದ ಅತ್ತೆಯೇ ಮುಖ್ಯ ಸಾಕ್ಷಿಯಾಗಿ ನ್ಯಾಯಾಲಯದಲ್ಲಿ ನಿಂತು ಆ ಮಾತುಗಳನ್ನೆಲ್ಲ ಮತ್ತೆ ಹೇಳಬೇಕಾಗುತ್ತದೆ, ಅದಕ್ಕೆ ಅವರನ್ನು ಒಡ್ಡಲು ತಮಗೆ ಮನಸ್ಸಿಲ್ಲ ಎಂಬುದು ಅವರು ಕೊಟ್ಟ ಕಾರಣ.